ಬ್ರೌಸರ್ ಬದಲಿಸುವ ಮುನ್ನ, ಬದಲಿಸುವಾಗ

ನೆಂಟರಿಷ್ಟರ ಮತ್ತು ಸಹೋದ್ಯೋಗಿಗಳ ಕಂಪ್ಯೂಟರುಗಳನ್ನು ಸರಿಪಡಿಸಿಕೊಡುವ ಬಿಟ್ಟಿ ಚಾಕರಿ ಹಲವು ವರ್ಷಗಳಿಂದ ನನಗೆ ಅಂಟಿಕೊಂಡಿದೆ. ಆ ಕೆಲಸದ ನಡುವೆ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ನೀವು ಈ ಬ್ರೌಸರನ್ನೇ ಏಕೆ ಬಳಸುತ್ತೀರಿ?" ವೇಗವಾಗಿದೆ ಎಂದೋ ಸುರಕ್ಷಿತವಾಗಿದೆ ಎಂದೋ ಹೇಳುವವರು ವಿರಳ. "ಮೊದಲಿನಿಂದಲೂ ಇದೇ ಇದೆ" ಎಂಬುದೇ ಸಾಮಾನ್ಯ ಉತ್ತರ. ಇನ್ನಷ್ಟು ಕೆದಕಿದರೆ ನಿಜವಾದ ಕಾರಣ ಹೊರಬೀಳುತ್ತದೆ: ಪಾಸ್‌ವರ್ಡುಗಳೆಲ್ಲ ಅದರಲ್ಲೇ ಇವೆ, ಅವುಗಳನ್ನು ಹೊರತೆಗೆಯುವುದು ಹೇಗೆಂದು ಗೊತ್ತಿಲ್ಲ. ಬ್ರೌಸರ್ ಬಗೆಗಿನ ನಿಷ್ಠೆ ಎಂದು ನಾವು ಕರೆಯುವುದರಲ್ಲಿ ಮೆಚ್ಚುಗೆಯ ಪಾಲು ಕಡಿಮೆ, ಅದರೊಳಗೆ ಕೂಡಿಟ್ಟ ಸಾಮಾನಿನ ಪಾಲು ಹೆಚ್ಚು. ಸಾಮಾನನ್ನು ಸುರಕ್ಷಿತವಾಗಿ ಸಾಗಿಸುವ ದಾರಿ ತಿಳಿದವರು ಮಾತ್ರ ಇರುವುದನ್ನೋ ಬಿಡುವುದನ್ನೋ ತಮ್ಮ ಇಷ್ಟದಂತೆ ನಿರ್ಧರಿಸಬಲ್ಲರು. ಈ ಲೇಖನ ಆ ದಾರಿಯನ್ನು ಹಂತಹಂತವಾಗಿ ವಿವರಿಸುತ್ತದೆ. ಕೊನೆಗೆ ನೀವು ಈಗಿನ ಬ್ರೌಸರಿನಲ್ಲೇ ಉಳಿಯಲು ನಿರ್ಧರಿಸಿದರೂ ಶ್ರಮ ವ್ಯರ್ಥವಾಗುವುದಿಲ್ಲ.

ಮೊದಲ ಹೆಜ್ಜೆ: ನಿಮ್ಮನ್ನು ಹಿಡಿದಿಟ್ಟಿರುವುದು ಯಾವುದೆಂದು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು, ಈಗಿನ ಬ್ರೌಸರನ್ನು ಇಂದೇ ತೆಗೆದುಹಾಕಿದರೆ ನಿಮಗೆ ಏನೇನು ತಪ್ಪಿಹೋಗುತ್ತದೆ ಎಂಬುದನ್ನು ಬರೆಯಿರಿ. ಉಳಿಸಿಟ್ಟ ಪಾಸ್‌ವರ್ಡುಗಳು, ಬುಕ್‌ಮಾರ್ಕುಗಳು, ತೆರೆದೇ ಇರುವ ಹತ್ತಾರು ಟ್ಯಾಬುಗಳು, ವಿಳಾಸ ಮತ್ತು ಕಾರ್ಡಿನ ವಿವರಗಳು, ಎಕ್ಸ್‌ಟೆನ್ಶನ್‌ಗಳು (ಬ್ರೌಸರಿಗೆ ಜೋಡಿಸುವ ಪುಟ್ಟ ತಂತ್ರಾಂಶಗಳು), ಫೋನಿನೊಂದಿಗಿನ ಸಿಂಕ್ (ಎರಡೂ ಕಡೆ ಒಂದೇ ಮಾಹಿತಿ ಇರುವಂತೆ ನೋಡಿಕೊಳ್ಳುವ ವ್ಯವಸ್ಥೆ), ಬೆರಳುಗಳಿಗೆ ರೂಢಿಯಾದ ಶಾರ್ಟ್‌ಕಟ್ ಕೀಲಿಗಳು, ಅದೊಂದರಲ್ಲೇ ತೆರೆದುಕೊಳ್ಳುವ ಯಾವುದೋ ಕಚೇರಿಯ ಜಾಲತಾಣ, ಹೀಗೆ. ಈ ಪಟ್ಟಿಯಲ್ಲಿ ಬಹುಪಾಲು ಸಂಗತಿಗಳು ಬೇರೆಡೆಗೆ ಸಾಗಿಸಬಹುದಾದವುಗಳು. ಸಾಗಿಸಲಾಗದವು ಒಂದೋ ಎರಡೋ ಇರುತ್ತವೆ. ಅವುಗಳ ಮುಂದೆ ಗುರುತು ಹಾಕಿಕೊಳ್ಳಿ.

ಪಟ್ಟಿಯಲ್ಲಿ ಕಾಣದ, ಆದರೆ ಎಲ್ಲಕ್ಕಿಂತ ಬಲವಾದ ಹಿಡಿತ ಇನ್ನೊಂದಿದೆ. ಅದು ಸಾಧನ ಕೊಂಡಾಗಲೇ ಅದರಲ್ಲಿ ಕುಳಿತಿರುವ ಬ್ರೌಸರ್. ಈ ಹಿಡಿತದ ಬೆಲೆ ಎಷ್ಟೆಂಬುದನ್ನು ದೊಡ್ಡ ಕಂಪನಿಗಳು ನಮಗಿಂತ ಚೆನ್ನಾಗಿ ಬಲ್ಲವು. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸ್ ಜೊತೆಗೇ ಕೊಟ್ಟು, ಅಲ್ಲಿಯವರೆಗೆ ಮುಂಚೂಣಿಯಲ್ಲಿದ್ದ ನೆಟ್‌ಸ್ಕೇಪ್ ನ್ಯಾವಿಗೇಟರನ್ನು ಕೆಲವೇ ವರ್ಷಗಳಲ್ಲಿ ಮೂಲೆಗೆ ತಳ್ಳಿತು. ಈ ಕಾರಣಕ್ಕೆ ಅಮೆರಿಕ ಸರ್ಕಾರ 1998ರಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿತು. ಯುರೋಪಿನಲ್ಲಿ 2010ರಿಂದ ವಿಂಡೋಸ್ ಬಳಕೆದಾರರಿಗೆ ಬ್ರೌಸರ್ ಆಯ್ಕೆಯ ಪರದೆಯೊಂದನ್ನು ತೋರಿಸಬೇಕಾಯಿತು. ಆ ಪರದೆ ಒಂದು ಅವಧಿಯಲ್ಲಿ ಕಾಣದೇ ಹೋದುದಕ್ಕಾಗಿ 2013ರಲ್ಲಿ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಬಿತ್ತು. ಭಾರತದಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಆ್ಯಪ್‌ಗಳನ್ನು ಕಡ್ಡಾಯವಾಗಿ ಮೊದಲೇ ತುಂಬಿಸುವ ವ್ಯವಸ್ಥೆಯನ್ನೂ ಪರಿಶೀಲಿಸಿದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಆ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಸಫಾರಿ ಬ್ರೌಸರಿನಲ್ಲಿ ತನ್ನ ಹುಡುಕುತಾಣವೇ ಮೊದಲಿಗೆ ಇರಬೇಕೆಂದು ಗೂಗಲ್ 2022ರ ಒಂದೇ ವರ್ಷದಲ್ಲಿ ಆಪಲ್‌ಗೆ ಸುಮಾರು 2,000 ಕೋಟಿ ಡಾಲರ್ ಕೊಟ್ಟಿದ್ದು ಅಮೆರಿಕದ ನ್ಯಾಯಾಲಯದ ವಿಚಾರಣೆಯಲ್ಲಿ ಬಯಲಾಯಿತು. ಎರಡು ಗುಂಡಿ ಒತ್ತಿದರೆ ಬದಲಾಗುವ ಆಯ್ಕೆಗೆ ಇಷ್ಟು ಹಣ ಸುರಿಯುತ್ತಾರೆಂದರೆ, ಆ ಎರಡು ಗುಂಡಿಗಳನ್ನು ನಾವು ಒತ್ತುವುದಿಲ್ಲವೆಂಬ ನಂಬಿಕೆ ಅವರಿಗೆ ಗಟ್ಟಿಯಾಗಿಯೇ ಇದೆ.

ಎರಡನೆಯ ಹೆಜ್ಜೆ: ದೂರು ಬ್ರೌಸರಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಿ

ಬ್ರೌಸರ್ ಬದಲಿಸಲು ಜನ ಸಾಮಾನ್ಯವಾಗಿ ಹೇಳುವ ಕಾರಣ ನಿಧಾನ. ಆದರೆ ನಿಧಾನಕ್ಕೆ ಬ್ರೌಸರೇ ಕಾರಣವಾಗಿರುವುದು ಅಪರೂಪ. ಪರೀಕ್ಷೆ ಸುಲಭವಿದೆ. ಅದೇ ಬ್ರೌಸರಿನಲ್ಲಿ ಹೊಸ ಪ್ರೊಫೈಲ್ ಒಂದನ್ನು, ಅಂದರೆ ಹಳೆಯ ಸಾಮಾನಿಲ್ಲದ ಖಾಲಿ ಕೋಣೆಯೊಂದನ್ನು, ಸೃಷ್ಟಿಸಿ, ಯಾವ ಎಕ್ಸ್‌ಟೆನ್ಶನ್ನೂ ಹಾಕದೆ, ಅರ್ಧ ದಿನ ಅದರಲ್ಲೇ ಕೆಲಸ ಮಾಡಿ. ಆಗ ಚುರುಕಾಗಿದ್ದರೆ ತಪ್ಪು ಹಳೆಯ ಪ್ರೊಫೈಲಿನಲ್ಲಿ ಸೇರಿಕೊಂಡ ಎಕ್ಸ್‌ಟೆನ್ಶನ್‌ಗಳದ್ದು. ಆಗಲೂ ನಿಧಾನವಾಗಿದ್ದರೆ ಕಂಪ್ಯೂಟರಿನ ಮೆಮೊರಿ ಸಾಲದಿರಬಹುದು. ಬ್ರೌಸರ್ ಬದಲಿಸುವುದರಿಂದ ಅದು ಹೆಚ್ಚಾಗುವುದಿಲ್ಲ. ವಿಂಡೋಸ್ 7 ಇರುವ ಕಂಪ್ಯೂಟರಾದರೆ ಇನ್ನೊಂದು ವಿಷಯ ತಿಳಿದಿರಲಿ: ಅದರ ಮೇಲೆ ಓಡುವ ಕ್ರೋಮ್ 109ನೇ ಆವೃತ್ತಿಗೇ ನಿಂತುಹೋಗಿದೆ. ಅಲ್ಲಿ ಬದಲಿಸಬೇಕಾದುದು ಬ್ರೌಸರನ್ನಲ್ಲ.

ಪರದೆಯ ಮೂಲೆಯಲ್ಲಿ ನಿಮಿಷಕ್ಕೊಂದು ಜಾಹೀರಾತು ಜಿಗಿಯುತ್ತಿದೆ, ಕಂಪ್ಯೂಟರಿಗೆ ವೈರಸ್ ಬಂದಿದೆ ಎಂಬ ಎಚ್ಚರಿಕೆ ಬರುತ್ತಿದೆ, ಆದ್ದರಿಂದ ಬೇರೆ ಬ್ರೌಸರ್ ಹಾಕಿಕೊಡಿ ಎಂದು ಕೇಳುವವರೂ ಬಹಳ. ಯಾವುದೋ ಜಾಲತಾಣ ನೋಟಿಫಿಕೇಶನ್ ಕಳುಹಿಸಲು ಅನುಮತಿ ಕೇಳಿದಾಗ ನೋಡದೆ "ಅಲೋ" ಒತ್ತಿದ್ದರ ಫಲ ಅದು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗದೊಳಗೆ ಜಾಲತಾಣಗಳಿಗೆ ಕೊಟ್ಟ ಅನುಮತಿಗಳ ಪಟ್ಟಿ ಇರುತ್ತದೆ. ಅಲ್ಲಿ ನೋಟಿಫಿಕೇಶನ್ ತೆರೆದು ಗುರುತು ಸಿಗದ ಹೆಸರುಗಳನ್ನೆಲ್ಲ ಅಳಿಸಿದರೆ ಸಾಕು. ನನ್ನ ಅಂದಾಜಿನಲ್ಲಿ, ಬ್ರೌಸರ್ ಬದಲಿಸಿಕೊಡಿ ಎಂದು ಬಂದವರಲ್ಲಿ ಅರ್ಧದಷ್ಟು ಮಂದಿಯ ಕಾಯಿಲೆ ಇಷ್ಟಕ್ಕೇ ವಾಸಿಯಾಗಿದೆ.

ಹಾಗೆಂದು ಬಿಟ್ಟುಹೋಗಲು ಸಕಾರಣಗಳೇ ಇಲ್ಲವೆಂದಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರಿನ 6ನೇ ಆವೃತ್ತಿ 2001ರಲ್ಲಿ ಬಂದಿತು. ಎದುರಾಳಿ ಇಲ್ಲದ ಧೈರ್ಯದಲ್ಲಿ ಮೈಕ್ರೋಸಾಫ್ಟ್ ಮುಂದಿನ ಆವೃತ್ತಿಯನ್ನು 2006ರವರೆಗೂ ತರಲಿಲ್ಲ. ಆ ಬಿಡುವಿನಲ್ಲಿ, 2004ರ ನವೆಂಬರ್‌ನಲ್ಲಿ, ಟ್ಯಾಬುಗಳನ್ನೂ ಪಾಪ್‌ಅಪ್ ತಡೆಯನ್ನೂ ಹೊತ್ತು ಫೈರ್‌ಫಾಕ್ಸ್ 1.0 ಬಂದಾಗ ಜನ ತಾವಾಗಿಯೇ ಹುಡುಕಿಕೊಂಡು ಹೋದರು. 2008ರಲ್ಲಿ ಬಂದ ಕ್ರೋಮ್, ಒಂದು ಪುಟ ಕುಸಿದರೆ ಇಡೀ ಬ್ರೌಸರ್ ಕುಸಿಯದಂತೆ ಟ್ಯಾಬುಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸಿ, ಫೈರ್‌ಫಾಕ್ಸ್ ಬಳಸುತ್ತಿದ್ದವರನ್ನೂ ಸೆಳೆಯಿತು. ನೆಚ್ಚಿಕೊಂಡ ಸೌಲಭ್ಯವನ್ನು ಕಿತ್ತುಕೊಂಡಾಗಲೂ ಜನ ಹೊರಡುತ್ತಾರೆ. 2017ರಲ್ಲಿ ಫೈರ್‌ಫಾಕ್ಸ್ ತನ್ನ 57ನೇ ಆವೃತ್ತಿಯಲ್ಲಿ ಹಳೆಯ ಮಾದರಿಯ ಎಕ್ಸ್‌ಟೆನ್ಶನ್‌ಗಳನ್ನು ಸಾರಾಸಗಟಾಗಿ ಕೈಬಿಟ್ಟಾಗ ಹಲವು ಹಳೆಯ ಅಭಿಮಾನಿಗಳು ಮುನಿಸಿಕೊಂಡರು. ಈಚೆಗೆ ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮಗಳನ್ನು ಬದಲಿಸಿದ್ದರಿಂದ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಮೊದಲಿನ ರೂಪದಲ್ಲಿ ಅದರಲ್ಲಿ ಓಡುವುದು ನಿಂತಿತು. ಅದನ್ನು ನೆಚ್ಚಿದವರಲ್ಲಿ ಕೆಲವರು ಫೈರ್‌ಫಾಕ್ಸ್ ಕಡೆಗೆ ನಡೆದರು, ಉಳಿದವರು ಲೈಟ್ ಎಂಬ ಸೀಮಿತ ಆವೃತ್ತಿಗೆ ಹೊಂದಿಕೊಂಡರು. ಒಮ್ಮೊಮ್ಮೆ ಆಯ್ಕೆಯೇ ನಮ್ಮ ಕೈಯಲ್ಲಿರುವುದಿಲ್ಲ. ಅಗ್ಗದ ಫೋನು, ನಿಧಾನದ ಇಂಟರ್‌ನೆಟ್ಟಿನ ಕಾಲದಲ್ಲಿ ಭಾರತದಲ್ಲಿ ಮನೆಮಾತಾಗಿದ್ದ ಯುಸಿ ಬ್ರೌಸರ್, 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದಾಗಿತ್ತು. ಬುಕ್‌ಮಾರ್ಕುಗಳನ್ನು ಬೇರೆಡೆ ಉಳಿಸಿಕೊಳ್ಳದಿದ್ದವರಿಗೆ ಆಗ ಸಾಮಾನಿನ ಬೆಲೆ ಗೊತ್ತಾಯಿತು.

ನಿಮ್ಮ ದೂರು ಇಂಥ ಜಾತಿಯದೇ, ಅಂದರೆ ಸೆಟ್ಟಿಂಗ್ಸ್ ಬದಲಿಸಿ ಸರಿಪಡಿಸಲಾಗದ ದೂರೇ ಎಂದು ಖಚಿತವಾದರೆ ಮುಂದಕ್ಕೆ ಹೋಗಿ. ಇಲ್ಲವಾದರೆ ಇದ್ದಲ್ಲೇ ಇರುವುದು ಜಾಣತನ.

ಮೂರನೆಯ ಹೆಜ್ಜೆ: ಎಂಜಿನ್ ನೋಡಿ ಆಯ್ಕೆ ಮಾಡಿ

ಅಂಗಡಿಯಲ್ಲಿ ಹತ್ತು ಹೆಸರುಗಳಿದ್ದರೂ ಪುಟವನ್ನು ಬಿಡಿಸಿ ತೋರಿಸುವ ಎಂಜಿನ್‌ಗಳು ಈಗ ಮುಖ್ಯವಾಗಿ ಉಳಿದಿರುವುದು ಮೂರೇ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಇವೆಲ್ಲ ಗೂಗಲ್ ಮುನ್ನಡೆಸುವ ಕ್ರೋಮಿಯಂ ತಳಹದಿಯ ಮೇಲೆ ನಿಂತಿವೆ. ಒಪೆರಾ 2013ರಲ್ಲಿ ತನ್ನದೇ ಎಂಜಿನ್ ಕೈಬಿಟ್ಟು ಇತ್ತ ಬಂತು. ಮೈಕ್ರೋಸಾಫ್ಟ್‌ನ ಎಡ್ಜ್ 2020ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು. ಫೈರ್‌ಫಾಕ್ಸ್ ತನ್ನ ಗೆಕೊ ಎಂಜಿನ್ನನ್ನೂ ಸಫಾರಿ ವೆಬ್‌ಕಿಟ್ಟನ್ನೂ ಉಳಿಸಿಕೊಂಡಿವೆ. ಆದ್ದರಿಂದ ಯಾವುದೋ ಜಾಲತಾಣ ಕ್ರೋಮ್‌ನಲ್ಲಿ ಸರಿಯಾಗಿ ಕಾಣುತ್ತಿಲ್ಲವೆಂದು ಎಡ್ಜ್‌ಗೆ ಹೋದರೆ ಹೆಚ್ಚಿನ ಪ್ರಯೋಜನವಿಲ್ಲ. ಫೈರ್‌ಫಾಕ್ಸ್‌ನಲ್ಲಿ ನೋಡುವುದು ನಿಜವಾದ ಪರೀಕ್ಷೆ. ಮತ್ತೊಂದು ಕಡೆಯಿಂದ, ಕ್ರೋಮ್‌ನಿಂದ ಬ್ರೇವ್ ಅಥವಾ ವಿವಾಲ್ಡಿಗೆ ಹೋಗುವವರಿಗೆ ಎಕ್ಸ್‌ಟೆನ್ಶನ್‌ಗಳೂ ಶಾರ್ಟ್‌ಕಟ್‌ಗಳೂ ಬಹುತೇಕ ಹಾಗೆಯೇ ಸಿಗುವುದರಿಂದ ಸಾಗಾಟ ಹಗುರವಾಗಿರುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಐಫೋನುಗಳಲ್ಲಂತೂ ಹೆಸರು ಕ್ರೋಮ್ ಇರಲಿ ಫೈರ್‌ಫಾಕ್ಸ್ ಇರಲಿ, ಒಳಗೆ ಓಡುವುದು ಆಪಲ್‌ನ ವೆಬ್‌ಕಿಟ್. ಅಲ್ಲಿ ಬ್ರೌಸರ್ ಬದಲಿಸುವುದೆಂದರೆ ಸಿಂಕ್ ಖಾತೆಯನ್ನೂ ಮೇಲಿನ ಹೊದಿಕೆಯನ್ನೂ ಬದಲಿಸಿದಂತೆ ಅಷ್ಟೇ.

ಎಂಜಿನ್‌ಗಳಲ್ಲಿ ವೈವಿಧ್ಯ ಇರಬೇಕೆಂಬುದು ಬರಿಯ ಆದರ್ಶದ ಮಾತೆಂದು ಅನ್ನಿಸಿದರೆ, ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಇನ್ನೂ ನೆಲೆಯೂರದ ದಿನಗಳ ಕನ್ನಡ ಜಾಲತಾಣಗಳನ್ನು ನೆನಪಿಸಿಕೊಳ್ಳಬಹುದು. ಆಗ ಹಲವು ತಾಣಗಳು ತಮ್ಮದೇ ಫಾಂಟನ್ನು ಪುಟದ ಜೊತೆಗೆ ಕಳುಹಿಸುತ್ತಿದ್ದವು. ಹಾಗೆ ಕಳುಹಿಸಲು ಮೈಕ್ರೋಸಾಫ್ಟ್ ರೂಪಿಸಿದ್ದ ಫಾಂಟ್ ಮಾದರಿಯನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಓದಬಲ್ಲುದಾಗಿತ್ತು. ಅದೇ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತಿದ್ದವು. ಕನ್ನಡ ಓದಬೇಕೆಂಬ ಒಂದೇ ಕಾರಣಕ್ಕೆ ಹಳೆಯ ಬ್ರೌಸರಿಗೆ ಕಟ್ಟುಬಿದ್ದಿದ್ದವರಲ್ಲಿ ನಾನೂ ಒಬ್ಬ. ಯೂನಿಕೋಡ್ ಬಂದ ಮೇಲೆ ಆ ಗಂಟು ಬಿಚ್ಚಿಕೊಂಡಿತು. ಇಂದು ಯಾವ ಬ್ರೌಸರಿನಲ್ಲಾದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಎರಡು ವಾರ ಎರಡನ್ನೂ ಇಟ್ಟುಕೊಳ್ಳಿ

ಹೊಸದನ್ನು ಹಾಕಿಕೊಂಡ ದಿನವೇ ಹಳೆಯದನ್ನು ತೆಗೆಯುವುದು ಅವಸರದ ಕೆಲಸ. ತಿಂಗಳ ಕೊನೆಯ ವಾರ, ಮೊದಲ ವಾರ ಸೇರಿದ ಎರಡು ವಾರಗಳನ್ನು ಆರಿಸಿಕೊಳ್ಳಿ. ಬಿಲ್ಲು ಕಟ್ಟುವುದು, ಬ್ಯಾಂಕಿನ ವಹಿವಾಟು, ತೆರಿಗೆಯ ಕೆಲಸಗಳು ಸಾಮಾನ್ಯವಾಗಿ ಆಗಲೇ ಬರುವುದರಿಂದ ನಿಜವಾದ ತೊಡಕುಗಳು ಅಲ್ಲೇ ಬಯಲಾಗುತ್ತವೆ. ದಿನನಿತ್ಯದ ಎಲ್ಲ ಕೆಲಸವನ್ನೂ ಹೊಸದರಲ್ಲಿ ಮಾಡಿ, ಹಳೆಯದಕ್ಕೆ ಮರಳಬೇಕಾದಾಗಲೆಲ್ಲ ಏಕೆ ಮರಳಿದಿರೆಂದು ಮೊದಲಿನ ಹಾಳೆಯಲ್ಲೇ ಬರೆಯಿರಿ.

ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಹೊತ್ತ, ಪೆನ್‌ಡ್ರೈವಿನಂಥ ಸಾಧನ) ಬಳಸುವ ಲೆಕ್ಕಪರಿಶೋಧಕರು, ಗುತ್ತಿಗೆದಾರರು, ಕಚೇರಿ ಸಿಬ್ಬಂದಿ ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಟೋಕನ್ನಿನೊಂದಿಗೆ ಮಾತನಾಡುವ ತಂತ್ರಾಂಶ ಬ್ರೌಸರಿನಿಂದ ಹೊರಗೆ ಪ್ರತ್ಯೇಕವಾಗಿ ಓಡುತ್ತದೆ. ಹೊಸ ಬ್ರೌಸರ್ ಅದಕ್ಕೆ ಒಪ್ಪಿಗೆ ಕೊಡುತ್ತದೆಯೇ ಎಂಬುದನ್ನು ಕಡೆಯ ದಿನಾಂಕಕ್ಕೆ ಬಹಳ ಮುಂಚೆಯೇ ನೋಡಿಕೊಳ್ಳಿ. ನಾನೊಮ್ಮೆ ಗೆಳೆಯನ ಕಚೇರಿಯಲ್ಲಿ ಉತ್ಸಾಹದಿಂದ ಎಲ್ಲ ಕಂಪ್ಯೂಟರುಗಳ ಬ್ರೌಸರ್ ಬದಲಿಸಿ, ಟೆಂಡರ್ ಸಲ್ಲಿಸುವ ಕೊನೆಯ ದಿನ ಸಹಿ ಬೀಳದೆ, ಸಂಜೆಯವರೆಗೂ ಅವರ ಮುಂದೆ ತಲೆ ತಗ್ಗಿಸಿ ಕುಳಿತಿದ್ದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನೇ ಬೇಡುವ ಹಳೆಯ ಒಳಜಾಲಗಳು (ಕಚೇರಿಯೊಳಗಷ್ಟೇ ತೆರೆಯುವ ತಾಣಗಳು) ಇನ್ನೂ ಕೆಲವೆಡೆ ಇವೆ. ಆ ಬ್ರೌಸರ್ 2022ರ ಜೂನ್ 15ರಂದು ನಿವೃತ್ತವಾದರೂ, ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ "ಡೀಫಾಲ್ಟ್ ಬ್ರೌಸರ್" ವಿಭಾಗಕ್ಕೆ ಹೋಗಿ ಎಕ್ಸ್‌ಪ್ಲೋರರ್ ಮೋಡ್‌ಗೆ ಅನುಮತಿ ಕೊಟ್ಟು, ತಾಣದ ವಿಳಾಸವನ್ನು ಅಲ್ಲಿನ ಪಟ್ಟಿಗೆ ಸೇರಿಸಿದರೆ ಅಂಥ ತಾಣ ಅದರೊಳಗೇ ತೆರೆದುಕೊಳ್ಳುತ್ತದೆ. ಹಾಗೆ ಸೇರಿಸಿದ ವಿಳಾಸದ ಅವಧಿ 30 ದಿನಗಳಿಗೆ ಮುಗಿಯುತ್ತದೆ ಎಂಬುದನ್ನು ಮರೆತು, ತಿಂಗಳ ನಂತರ ತಾಣ ಕೆಟ್ಟಿತೆಂದು ಗಾಬರಿಯಾಗಬೇಡಿ, ಮತ್ತೆ ಸೇರಿಸಿದರಾಯಿತು. ಇಂಥ ಒಂದು ತಾಣಕ್ಕಾಗಿ ಇಡೀ ದಿನದ ಬ್ರೌಸಿಂಗನ್ನು ಎಡ್ಜ್‌ಗೆ ಒಪ್ಪಿಸಬೇಕಿಲ್ಲ. ಆ ಕೆಲಸಕ್ಕೆ ಅದು, ಉಳಿದುದಕ್ಕೆ ಇದು ಎಂದು ಹಂಚಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಕನ್ನಡದ ಮಟ್ಟಿಗೂ ಎರಡು ಸಂಗತಿ ಪರೀಕ್ಷಿಸಬೇಕು. ಇಂಗ್ಲಿಷ್ ಪುಟಗಳನ್ನು ಕನ್ನಡಕ್ಕೆ ಅನುವಾದಿಸಿ ಓದುವ ಅಭ್ಯಾಸವಿದ್ದರೆ, ಗೂಗಲ್ ಅನುವಾದ ಕ್ರೋಮ್‌ನೊಳಗೇ ಸೇರಿರುವುದರಿಂದ ಬೇರೆಡೆ ಅದೇ ಅನುಕೂಲ ಸಿಗುತ್ತದೆಯೇ ನೋಡಿ. ಪುಟವನ್ನು ಗಟ್ಟಿಯಾಗಿ ಓದಿಸಿ ಕೇಳುವ ಹಿರಿಯರು ಮನೆಯಲ್ಲಿದ್ದರೆ ಎಡ್ಜ್‌ನ "ರೀಡ್ ಅಲೌಡ್" ಸೌಲಭ್ಯವನ್ನೊಮ್ಮೆ ಕೇಳಿಸಿ; ಅದರಲ್ಲಿ ಹೆಣ್ಣು ಮತ್ತು ಗಂಡು ದನಿಗಳೆರಡರಲ್ಲೂ ಕನ್ನಡವಿದೆ. ಕಣ್ಣು ಮಂಜಾದ ನನ್ನ ಸೋದರಮಾವ ಈ ಒಂದೇ ಕಾರಣಕ್ಕೆ ಎಡ್ಜ್ ಬಿಡಲು ಒಪ್ಪುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಕನ್ನಡ ಬೆರಳಚ್ಚಿನ ಚಿಂತೆ ಮಾತ್ರ ಬೇಡ. ಅದು ಕಾರ್ಯಾಚರಣಾ ವ್ಯವಸ್ಥೆಯ ಕೀಲಿಮಣೆಯಿಂದ ಬರುವುದರಿಂದ ಯಾವ ಬ್ರೌಸರಿನಲ್ಲೂ ಒಂದೇ.

ಐದನೆಯ ಹೆಜ್ಜೆ: ಸಾಮಾನು ಸಾಗಿಸಿ

ಬುಕ್‌ಮಾರ್ಕುಗಳದ್ದು ಸುಲಭದ ಕೆಲಸ. ಹೊಸ ಬ್ರೌಸರಿನ ಮೆನುವಿನಲ್ಲಿ "ಇಂಪೋರ್ಟ್" ಆಯ್ಕೆ ಮಾಡಿದರೆ ಅದು ಹಳೆಯದನ್ನು ತಾನೇ ಹುಡುಕಿಕೊಂಡು ಬುಕ್‌ಮಾರ್ಕ್, ಇತಿಹಾಸಗಳನ್ನು ಎಳೆದುಕೊಳ್ಳುತ್ತದೆ. ಆದರೂ ಹಳೆಯ ಬ್ರೌಸರಿನ ಬುಕ್‌ಮಾರ್ಕ್ ಮ್ಯಾನೇಜರಿನಿಂದ ಎಚ್‌ಟಿಎಂಎಲ್ ಕಡತವಾಗಿ ಒಂದು ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಎಲ್ಲ ಬ್ರೌಸರುಗಳಿಗೂ ಅರ್ಥವಾಗುವ ರೂಪ ಅದೊಂದೇ.

ಪಾಸ್‌ವರ್ಡುಗಳ ಸಾಗಾಟದಲ್ಲಿ ಮಾತ್ರ ಅವಸರ ಸಲ್ಲದು. 2024ರಿಂದ ವಿಂಡೋಸ್‌ನಲ್ಲಿ ಕ್ರೋಮ್ ತನ್ನೊಳಗಿನ ಮಾಹಿತಿಯನ್ನು ಬೇರೆ ತಂತ್ರಾಂಶಗಳು ಓದಲಾಗದಂತೆ ಹಂತಹಂತವಾಗಿ ಬಿಗಿಗೊಳಿಸಿದೆ. ಕಳ್ಳ ತಂತ್ರಾಂಶಗಳನ್ನು ತಡೆಯಲು ಮಾಡಿದ ಈ ಬಂದೋಬಸ್ತಿನಿಂದ ಹೊಸ ಬ್ರೌಸರ್ ಪಾಸ್‌ವರ್ಡುಗಳನ್ನು ನೇರವಾಗಿ ಎಳೆದುಕೊಳ್ಳುವುದೂ ಕಷ್ಟವಾಗಿದೆ. ಆದ್ದರಿಂದ ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್ ತೆರೆದು, ಅದರ ಸೆಟ್ಟಿಂಗ್ಸ್‌ನಲ್ಲಿ "ಎಕ್ಸ್‌ಪೋರ್ಟ್" ಒತ್ತಿ, ಕಂಪ್ಯೂಟರಿನ ಪಿನ್ ಕೊಟ್ಟು, ಸಿಎಸ್‌ವಿ ಎಂಬ ಸರಳ ಪಠ್ಯರೂಪದ ಕಡತ ಪಡೆಯಬೇಕು. ಹೊಸದು ಫೈರ್‌ಫಾಕ್ಸ್ ಆದರೆ ಅದರ ಮೆನುವಿನ "ಪಾಸ್‌ವರ್ಡ್ಸ್" ಪುಟದ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿ, ಕಡತದಿಂದ ಇಂಪೋರ್ಟ್ ಮಾಡುವ ಆಯ್ಕೆ ಹಿಡಿಯಬೇಕು.

ಈ ಸಿಎಸ್‌ವಿ ಕಡತಕ್ಕೆ ಯಾವ ಬೀಗವೂ ಇಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ನಿಮ್ಮ ಎಲ್ಲ ಖಾತೆಗಳ ಹೆಸರು, ಪಾಸ್‌ವರ್ಡ್ ಸಾಲುಸಾಲಾಗಿ ಕಾಣುತ್ತವೆ. ಅದನ್ನು ಮಿಂಚಂಚೆಯಲ್ಲಾಗಲಿ ವಾಟ್ಸ್‌ಆ್ಯಪ್‌ನಲ್ಲಾಗಲಿ ನಿಮಗೇ ಕಳುಹಿಸಿಕೊಳ್ಳಬೇಡಿ. ಡೌನ್‌ಲೋಡ್ಸ್ ಅಥವಾ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್‌ನಂಥ ಕ್ಲೌಡ್‌ಗೆ ತಾನಾಗಿಯೇ ನಕಲಾಗುತ್ತಿದ್ದರೆ ಅಲ್ಲಿಯೂ ಇಡಬೇಡಿ. ಇಂಪೋರ್ಟ್ ಮುಗಿದು, ನಾಲ್ಕಾರು ಖಾತೆಗಳಲ್ಲಿ ಲಾಗಿನ್ ಮಾಡಿ ನೋಡಿ, ಎಲ್ಲ ಸರಿಯಿದೆಯೆಂದು ಖಾತ್ರಿಯಾದ ಕೂಡಲೇ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ ಕಡತವನ್ನು ಅಳಿಸಿ. ಬರಿಯ ಡಿಲೀಟ್ ಒತ್ತಿದರೆ ಅದು ರೀಸೈಕಲ್ ಬಿನ್‌ನಲ್ಲಿ ಉಳಿಯುತ್ತದೆ. ಸೈಬರ್ ಕೆಫೆಯಲ್ಲಾಗಲಿ ಹಲವರು ಬಳಸುವ ಕಂಪ್ಯೂಟರಿನಲ್ಲಾಗಲಿ ಈ ಕೆಲಸವನ್ನು ಮಾಡಲೇಬೇಡಿ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಇದ್ದರೆ, ಪ್ರೈವಸಿ ವಿಭಾಗದಲ್ಲಿ "ಪ್ರೈಮರಿ ಪಾಸ್‌ವರ್ಡ್" ಹಾಕಿ, ಉಳಿಸಿದ ಪಾಸ್‌ವರ್ಡುಗಳ ಮೇಲೆ ಇನ್ನೊಂದು ಚಿಲಕ ಜಡಿಯಬಹುದು.

ಪಾಸ್‌ವರ್ಡಿನ ಬದಲು ಬೆರಳಚ್ಚಿನಂಥ ಗುರುತಿನಿಂದ ಒಳಹೋಗಲು ಬಿಡುವ ಪಾಸ್‌ಕೀಗಳು ಈ ಕಡತದಲ್ಲಿ ಬರುವುದಿಲ್ಲ. ಬೆರಳಚ್ಚು ಒತ್ತಿ ಒಳಹೋಗುವ ಖಾತೆಗಳಿದ್ದರೆ, ಹಳೆಯ ಬ್ರೌಸರ್ ಇರುವಾಗಲೇ ಒಂದೊಂದಾಗಿ ಹೋಗಿ ಹೊಸ ಪಾಸ್‌ಕೀ ಮಾಡಿಕೊಳ್ಳಿ. ತೆರೆದ ಟ್ಯಾಬುಗಳನ್ನು ಒಟ್ಟಾಗಿ ಬುಕ್‌ಮಾರ್ಕ್ ಮಾಡುವ ಶಾರ್ಟ್‌ಕಟ್ ಕಂಟ್ರೋಲ್, ಶಿಫ್ಟ್, ಡಿ. ಎಕ್ಸ್‌ಟೆನ್ಶನ್‌ಗಳನ್ನು ಎಲ್ಲವನ್ನೂ ತರಬೇಡಿ. ಬೇಕೆನಿಸಿದಾಗ ಒಂದೊಂದಾಗಿ ಹಾಕಿಕೊಂಡರೆ, ಆರು ತಿಂಗಳಿಂದ ಮುಟ್ಟದ ಎಷ್ಟನ್ನು ಹೊತ್ತು ತಿರುಗುತ್ತಿದ್ದಿರೆಂದು ನಿಮಗೇ ತಿಳಿಯುತ್ತದೆ. ಇನ್ನು ಬೆರಳಿನ ರೂಢಿ. ಮುಚ್ಚಿದ ಟ್ಯಾಬನ್ನು ಮರಳಿ ತೆರೆಯುವ ಕಂಟ್ರೋಲ್, ಶಿಫ್ಟ್, ಟಿ ಎಲ್ಲೆಡೆ ಒಂದೇ. ಖಾಸಗಿ ಕಿಟಕಿಗೆ ಮಾತ್ರ ಕ್ರೋಮ್‌ನಲ್ಲಿ ಕೊನೆಯ ಅಕ್ಷರ ಎನ್, ಫೈರ್‌ಫಾಕ್ಸ್‌ನಲ್ಲಿ ಪಿ. ಮೊದಲ ವಾರ ಬೆರಳು ತಪ್ಪುತ್ತದೆ, ಆಮೇಲೆ ತಾನಾಗಿ ಕಲಿಯುತ್ತದೆ.

ಆರನೆಯ ಹೆಜ್ಜೆ: ಡೀಫಾಲ್ಟ್ ಬದಲಿಸಿ

ಕೊಂಡಿಗಳು ತಾವಾಗಿಯೇ ತೆರೆದುಕೊಳ್ಳುವ ಬ್ರೌಸರೇ ಡೀಫಾಲ್ಟ್. ಅದನ್ನು ಬದಲಿಸದಿದ್ದರೆ ಮಿಂಚಂಚೆಯಲ್ಲಿ ಬಂದ ಪ್ರತಿಯೊಂದು ಕೊಂಡಿಯೂ ನಿಮ್ಮನ್ನು ಹಳೆಯ ಮನೆಗೇ ಕರೆದೊಯ್ಯುತ್ತದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್ ಎಂಬ ದಾರಿಯಲ್ಲಿ ಹೋಗಿ ಹೊಸ ಬ್ರೌಸರಿನ ಹೆಸರನ್ನು ಹುಡುಕಿ, ಮೇಲೆ ಕಾಣುವ "ಸೆಟ್ ಡೀಫಾಲ್ಟ್" ಒತ್ತಿ. ಆಂಡ್ರಾಯ್ಡ್‌ನಲ್ಲೂ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದೊಳಗೇ ಡೀಫಾಲ್ಟ್ ಆ್ಯಪ್ಸ್ ಇರುತ್ತದೆ. ಐಫೋನಿನಲ್ಲಿ ಈ ಸ್ವಾತಂತ್ರ್ಯ 2020ರ ಐಒಎಸ್ 14ರಿಂದ ದೊರೆತಿದೆ. ಸೆಟ್ಟಿಂಗ್ಸ್‌ನಲ್ಲಿ (ಹೊಸ ಐಒಎಸ್ ಆದರೆ ಅದರ ಆ್ಯಪ್ಸ್ ವಿಭಾಗದಲ್ಲಿ) ಆಯಾ ಬ್ರೌಸರ್ ಆ್ಯಪಿನ ಹೆಸರನ್ನು ತೆರೆದರೆ ಆಯ್ಕೆ ಕಾಣುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ಕೊಂಡಿಗಳನ್ನು ತಮ್ಮದೇ ಒಳಕಿಟಕಿಯಲ್ಲಿ ತೆರೆಯುವುದರಿಂದ ಅಲ್ಲಿ ಈ ಬದಲಾವಣೆ ತಾಗುವುದಿಲ್ಲ. ಅಲ್ಲಿಯ ಮೆನುವಿನಿಂದ ಹೊರಗಿನ ಬ್ರೌಸರಿಗೆ ಕಳುಹಿಸಬೇಕು. ಹೊಸ ಬ್ರೌಸರಿನ ಹುಡುಕುತಾಣ ಯಾವುದೆಂದೂ ಇದೇ ಗಳಿಗೆಯಲ್ಲಿ ನೋಡಿಕೊಳ್ಳಿ. ಫೋನು, ಕಂಪ್ಯೂಟರ್ ಎರಡರಲ್ಲೂ ಒಂದೇ ದಿನ ಬದಲಿಸಿ ಸಿಂಕ್ ಆನ್ ಮಾಡುವುದು ಲೇಸು. ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಉಳಿದರೆ ಹೊಸ ಪಾಸ್‌ವರ್ಡುಗಳು ಎರಡು ಕಡೆ ಹಂಚಿಹೋಗುತ್ತವೆ. ನಾನು ಕಂಡಂತೆ, ಬದಲಿಸಿದವರು ತಿಂಗಳೊಳಗೆ ಹಿಂದಿರುಗುವುದು ಹೆಚ್ಚಾಗಿ ಇದರಿಂದಲೇ.

ಕೊನೆಯ ಹೆಜ್ಜೆ: ಹಳೆಯದನ್ನು ಖಾಲಿ ಮಾಡಿ

ಒಂದು ತಿಂಗಳ ನಂತರ ಹಾಳೆಯನ್ನು ಮತ್ತೆ ನೋಡಿ. ಹಳೆಯದಕ್ಕೆ ಮರಳಿದ ಕಾರಣಗಳು ಇನ್ನೂ ಬೆಳೆಯುತ್ತಲೇ ಇದ್ದರೆ ಸಂಕೋಚವಿಲ್ಲದೆ ಹಿಂದಿರುಗಿ. ಈಗ ಪಾಸ್‌ವರ್ಡುಗಳೂ ಬುಕ್‌ಮಾರ್ಕುಗಳೂ ಎರಡೂ ಕಡೆ ಇರುವುದರಿಂದ ಹಿಂದಿರುಗುವುದಕ್ಕೂ ಖರ್ಚಿಲ್ಲ. ಪಟ್ಟಿ ನಿಂತುಹೋಗಿದ್ದರೆ ಹಳೆಯ ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡುಗಳನ್ನೂ ಕಾರ್ಡಿನ ವಿವರಗಳನ್ನೂ ಅಳಿಸಿ. ಆ್ಯಪನ್ನು ತೆಗೆದುಹಾಕಿದ ಮಾತ್ರಕ್ಕೆ ಸಿಂಕ್ ಖಾತೆಯಲ್ಲಿ ಕುಳಿತ ಪ್ರತಿ ಅಳಿಯುವುದಿಲ್ಲ. ಖಾತೆಯ ಪುಟಕ್ಕೆ ಹೋಗಿ ಸಿಂಕ್ ಆದ ದತ್ತಾಂಶವನ್ನು ಅಲ್ಲಿಯೇ ತೆರವುಗೊಳಿಸಬೇಕು, ಅದಕ್ಕೂ ಮೊದಲು ಹೊಸ ಬ್ರೌಸರಿನಲ್ಲಿ ಎಲ್ಲ ಖಾತೆಗಳೂ ತೆರೆಯುತ್ತಿವೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಬೇಕು. ಎಡ್ಜ್, ಸಫಾರಿಗಳನ್ನು ಸಾಮಾನ್ಯವಾಗಿ ತೆಗೆದುಹಾಕುವ ಗೋಜಿಗೆ ಹೋಗಬೇಕಿಲ್ಲ. ಖಾಲಿ ಮಾಡಿ, ಅಪ್‌ಡೇಟ್ ಆಗುತ್ತಿರಲು ಬಿಡಿ. ಯಾವತ್ತೋ ಒಂದು ದಿನ ಹೊಸ ಬ್ರೌಸರಿನಲ್ಲಿ ಹಣ ಪಾವತಿಯ ಪುಟ ಸಿಕ್ಕಿಹಾಕಿಕೊಂಡಾಗ ಅದು ಕೈಗೆ ಬರುತ್ತದೆ.